ವಿಶ್ವವಿದ್ಯಾಲಯದಲ್ಲಿ ಮೈನರ್ ವಿಷಯವಾಗಿ ಇಸ್ರೇಲ್ ಅಧ್ಯಯನ: ಹೀಬ್ರೂ ಭಾಷೆ, ಇತಿಹಾಸ, ಸಂಸ್ಕೃತಿ

ಬಲಿಪೂಜೆಯಲ್ಲಿ 'ಆಮೆನ್' ಮತ್ತು 'ಅಲ್ಲೆಲೂಯ', ಗರಿಗಳ ಭಾನುವಾರದಂದು 'ಹೊಸಾನ್ನ' ಎನ್ನುವಾಗ ನಾವು ಆಡುವ ಮಾತು ಹೀಬ್ರೂ ಮೂಲದ್ದು. ಆ ಭಾಷೆಯನ್ನು ಇಂದು ಮನೆ, ಮಾರುಕಟ್ಟೆ, ನ್ಯಾಯಾಲಯಗಳಲ್ಲಿ ಆಡುವ ಇಸ್ರೇಲ್ ದೇಶದ ಪರಿಚಯ ನಮ್ಮಲ್ಲಿ ಹೆಚ್ಚಿನವರಿಗೆ ಬೈಬಲಿನ ಕೊನೆಯಲ್ಲಿರುವ ನಕ್ಷೆಗಳಿಂದ ಮಾತ್ರ. ಈ ಕೊರತೆಯನ್ನು ನೀಗಿಸಬಲ್ಲ ಒಂದು ವ್ಯಾಸಂಗ ಕ್ರಮವನ್ನು ಇಲ್ಲಿ ಪರಿಚಯಿಸುತ್ತಿದ್ದೇವೆ.

ಮೈನರ್ ಎಂದರೆ ಪದವಿಯ ಮುಖ್ಯ ವಿಷಯದ ಜೊತೆಗೆ ಓದುವ ಉಪವಿಷಯ. 2021ರಲ್ಲಿ ಹೊಸ ಶಿಕ್ಷಣ ನೀತಿ ಬಂದಾಗ ಈ ಪದ ಕರ್ನಾಟಕದ ಕಾಲೇಜುಗಳಲ್ಲೂ ಕೇಳಿಬಂದಿತ್ತು. ಅಮೆರಿಕದಲ್ಲಿ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕಾದರೆ, ಮೈನರ್‌ಗೆ 15ರಿಂದ 18 ಕ್ರೆಡಿಟ್, ಅಂದರೆ ಐದಾರು ಕೋರ್ಸುಗಳು ಸಾಕು. ಅರ್ಥಶಾಸ್ತ್ರವನ್ನೋ ಪತ್ರಿಕೋದ್ಯಮವನ್ನೋ ಮುಖ್ಯವಾಗಿ ಓದುವ ವಿದ್ಯಾರ್ಥಿ ಜೊತೆಗೆ ಇದನ್ನೂ ಆರಿಸಿಕೊಳ್ಳಬಹುದು. ಇಸ್ರೇಲ್ ಅಧ್ಯಯನಕ್ಕಾಗಿಯೇ ವಿದ್ವಾಂಸರ ಅಂತಾರಾಷ್ಟ್ರೀಯ ಸಂಘ 1985ರಲ್ಲಿ ರೂಪುಗೊಂಡಿತು. ವಾಷಿಂಗ್ಟನ್‌ನ ಅಮೆರಿಕನ್ ಯೂನಿವರ್ಸಿಟಿಯಲ್ಲಿ 1998ರಲ್ಲಿ, ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2010ರಲ್ಲಿ ಇದಕ್ಕೆಂದೇ ಕೇಂದ್ರಗಳು ಆರಂಭವಾದವು. ನಮ್ಮ ದೇಶದಲ್ಲಿ ಹರಿಯಾಣದ ಸೋನಿಪತ್‌ನ ಜಿಂದಾಲ್ ವಿಶ್ವವಿದ್ಯಾಲಯ 2012ರಲ್ಲಿ ಇಂಥದೊಂದು ಕೇಂದ್ರ ತೆರೆಯಿತು.

ಈ ವ್ಯಾಸಂಗದ ಜೀವಾಳ ಹೀಬ್ರೂ ಭಾಷೆ. ಅಕ್ಷರಗಳು 22, ಬರವಣಿಗೆ ಬಲದಿಂದ ಎಡಕ್ಕೆ. ಪತ್ರಿಕೆ, ಪುಸ್ತಕಗಳಲ್ಲಿ ಸ್ವರಚಿಹ್ನೆಗಳನ್ನು ಸಾಮಾನ್ಯವಾಗಿ ಹಾಕುವುದಿಲ್ಲ, ಓದುಗರೇ ಊಹಿಸಿಕೊಳ್ಳಬೇಕು. ಮೊದಲ ವರ್ಷ ಇದು ತಲೆನೋವೇ ಸರಿ. ಆದರೆ ಪದಗಳು ಹುಟ್ಟುವ ಬಗೆ ತಿಳಿದ ಮೇಲೆ ದಾರಿ ಸುಗಮವಾಗುತ್ತದೆ. ಹೆಚ್ಚಿನ ಪದಗಳಿಗೆ ಮೂರು ವ್ಯಂಜನಗಳ ಒಂದು ಧಾತು ಇರುತ್ತದೆ. ಕ-ತ-ವ ಎಂಬ ಧಾತುವಿನಿಂದ 'ಕತವ್' (ಬರೆದನು), 'ಮಿಖ್ತವ್' (ಪತ್ರ), 'ಕ್ತೋವೆತ್' (ವಿಳಾಸ) ಬಂದಿವೆ. ನಮ್ಮ 'ಆಮೆನ್' ಪದದ ಧಾತುವಿನಿಂದಲೇ 'ಎಮುನಾ' (ವಿಶ್ವಾಸ) ಮತ್ತು 'ನೆಎಮಾನ್' (ನಂಬಿಗಸ್ತ) ಎಂಬ ಪದಗಳು ಬಂದಿವೆ. ಇದನ್ನು ಅರಿತವನು 'ಆಮೆನ್' ಅನ್ನುವಾಗ ಅದು ಪ್ರಾರ್ಥನೆಯ ಕೊನೆಗೆ ಇಡುವ ಚುಕ್ಕಿಯಾಗಿ ಉಳಿಯುವುದಿಲ್ಲ.

ಸುಮಾರು 1,700 ವರ್ಷ ಪ್ರಾರ್ಥನೆ ಮತ್ತು ಬರವಣಿಗೆಯಲ್ಲಷ್ಟೇ ಉಳಿದಿದ್ದ ಈ ಭಾಷೆ ಮತ್ತೆ ಮನೆಮಾತಾದ ಕಥೆ ಸ್ವಾರಸ್ಯಕರ. 1881ರಲ್ಲಿ ಜೆರುಸಲೇಮಿಗೆ ಬಂದ ಎಲಿಯೇಜರ್ ಬೆನ್ ಯೆಹೂದಾ ತನ್ನ ಮನೆಯಲ್ಲಿ ಹೀಬ್ರೂ ಬಿಟ್ಟು ಬೇರೆ ಮಾತು ಬೇಡವೆಂದು ಹಟ ಹಿಡಿದರು. ಶಾಲೆಗಳೂ ವಲಸಿಗರೂ ಆ ಕೆಲಸವನ್ನು ಮುಂದುವರಿಸಿದರು. 1922ರಲ್ಲಿ ಬ್ರಿಟಿಷ್ ಆಡಳಿತವು ಇಂಗ್ಲಿಷ್, ಅರಬ್ಬಿಗಳೊಂದಿಗೆ ಹೀಬ್ರೂವಿಗೂ ಅಧಿಕೃತ ಸ್ಥಾನ ನೀಡಿತು. ಹೊಸ ವಸ್ತುಗಳಿಗೆ ಹೆಸರು ಬೇಕಾದಾಗ ಹಳೆಯ ಒಡಂಬಡಿಕೆಯನ್ನೇ ಜಾಲಾಡಿದರು. ಪ್ರವಾದಿ ಯೆಹೆಜ್ಕೇಲನ ದರ್ಶನದಲ್ಲಿ ಹೊಳೆಯುವ 'ಹಶ್ಮಲ್' ಇಂದು ಇಸ್ರೇಲಿಗರ ಮನೆಯ ವಿದ್ಯುತ್ತು! ಸೊಲೊಮೋನನ ಹಡಗುಗಳು ತಂದವೆಂದು ಅರಸುಗಳ ಗ್ರಂಥ ಹೇಳುವ 'ತುಕ್ಕಿ' ನವಿಲು ಎಂದು ಹಲವರ ಮತ. ಈ ಪದವನ್ನು ವಿದ್ವಾಂಸರು ತಮಿಳಿನ 'ತೋಗೈ'ಯೊಂದಿಗೆ ಹೋಲಿಸುತ್ತಾರೆ. ಕನ್ನಡದ 'ತೋಕೆ' ಅದರ ದಾಯಾದಿ. ಈಗಿನ ಹೀಬ್ರೂವಿನಲ್ಲಿ 'ತುಕಿ' ಎಂದರೆ ಮಾತ್ರ ಗಿಳಿ.

ಇತಿಹಾಸದ ಪಾಠ ಇಷ್ಟು ಹಗುರವಲ್ಲ. ಪ್ರಭು ಯೇಸುವಿನ ಕಾಲದಿಂದ 1948ಕ್ಕೆ ಒಂದೇ ನೆಗೆತದಲ್ಲಿ ಹಾರುವುದು ನಮ್ಮವರ ರೂಢಿ. ನಡುವೆ ಹೋದ ಶತಮಾನಗಳು, 1517ರಿಂದ 1917ರವರೆಗಿನ ಒಟ್ಟೊಮನ್ ಆಳ್ವಿಕೆ, ಯುರೋಪಿನಲ್ಲಿ ಯೆಹೂದ್ಯರು ಅನುಭವಿಸಿದ ಹಿಂಸೆ ಮತ್ತು ಹತ್ಯಾಕಾಂಡ, 1947ರ ನವೆಂಬರ್ 29ರಂದು ವಿಶ್ವಸಂಸ್ಥೆ ಅಂಗೀಕರಿಸಿದ ವಿಭಜನೆಯ ನಿರ್ಣಯ, 1948ರ ಯುದ್ಧದಲ್ಲಿ ಮನೆಮಠ ಕಳೆದುಕೊಂಡ ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರು, ಆಮೇಲೆ ಅರಬ್ ದೇಶಗಳನ್ನು ತೊರೆದು ಬಂದ ಯೆಹೂದ್ಯರು: ಇವೆಲ್ಲ ಒಟ್ಟಿಗೆ ಸೇರಿದಾಗಲೇ ಇಸ್ರೇಲಿನ ಚರಿತ್ರೆ. ಅಲ್ಲಿ ಸುಮಾರು 1.8 ಲಕ್ಷ ಕ್ರೈಸ್ತರಿದ್ದು ಅವರಲ್ಲಿ ಹೆಚ್ಚಿನವರು ಅರಬರು ಎಂಬುದನ್ನು ಪುಣ್ಯಕ್ಷೇತ್ರಗಳ ಯಾತ್ರೆ ಮುಗಿಸಿ ಬಂದವರೂ ಅನೇಕ ಬಾರಿ ತಿಳಿದಿರುವುದಿಲ್ಲ. ಗಲಿಲೇಯದ ಫಸ್ಸೂತ ಎಂಬ ಕ್ರೈಸ್ತ ಹಳ್ಳಿಯಲ್ಲಿ ಹುಟ್ಟಿದ ಪ್ಯಾಲೆಸ್ತೀನಿ ಲೇಖಕ ಆಂಟನ್ ಶಮ್ಮಾಸ್ 1986ರಲ್ಲಿ 'ಅರಬೆಸ್ಕ್ಸ್' ಎಂಬ ಕಾದಂಬರಿಯನ್ನು ಹೀಬ್ರೂವಿನಲ್ಲೇ ಬರೆದರು. 1966ರಲ್ಲಿ ನೊಬೆಲ್ ಪಡೆದ ಅಗ್ನೋನರ ಜೊತೆಗೆ ಇವರನ್ನೂ ಓದಿಸುವ ವಿಭಾಗ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ಆದ್ದರಿಂದ ಸೇರುವ ಮೊದಲು ಪಠ್ಯಪಟ್ಟಿಯನ್ನು ಕೇಳಿ ಪಡೆಯಬೇಕು. ಅರಬ್ಬಿ ಕಲಿಯಲು ಅವಕಾಶವಿದೆಯೇ? ಪ್ಯಾಲೆಸ್ತೀನಿಯರ ಬರಹಗಳಿವೆಯೇ? ಖರ್ಚು ಯಾರದು? ಇಂಥ ಪೀಠಗಳಲ್ಲಿ ಹಲವು ದಾನಿಗಳ ಹಣದಿಂದ ನಡೆಯುತ್ತವೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪೀಠದ ಪ್ರಾಧ್ಯಾಪಕಿ 2021ರಲ್ಲಿ ಇಸ್ರೇಲ್ ಸರಕಾರವನ್ನು ಟೀಕಿಸುವ ಹೇಳಿಕೆಯೊಂದಕ್ಕೆ ಸಹಿ ಹಾಕಿದ ಬಳಿಕ ದಾನಿ ಅಸಮಾಧಾನಗೊಂಡರು. 2022ರಲ್ಲಿ ವಿಶ್ವವಿದ್ಯಾಲಯ 50 ಲಕ್ಷ ಡಾಲರ್ ಹಿಂದಿರುಗಿಸಿತು. 2023ರ ಅಕ್ಟೋಬರ್ 7ರ ದಾಳಿ ಮತ್ತು ನಂತರದ ಗಾಜಾ ಯುದ್ಧದಿಂದ ತರಗತಿಗಳಲ್ಲಿ ಈ ವಿಷಯ ಇನ್ನಷ್ಟು ಸೂಕ್ಷ್ಮವಾಗಿದೆ. ಹಾಗೆಂದು ಓದುವುದನ್ನೇ ಬಿಟ್ಟರೆ ವಾಟ್ಸಾಪ್ ಸಂದೇಶಗಳೇ ನಮ್ಮ ಗುರುಗಳಾಗುತ್ತವೆ.

ಧರ್ಮಸಭೆಯ ದೃಷ್ಟಿಯಿಂದಲೂ ಈ ಓದಿಗೆ ಅರ್ಥವಿದೆ. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ 'ನೊಸ್ತ್ರಾ ಏತಾತೆ' ಯೆಹೂದ್ಯರೊಂದಿಗೆ ಪರಸ್ಪರ ಅರಿವನ್ನು ಬೆಳೆಸಿಕೊಳ್ಳಲು ಕರೆ ನೀಡಿತು. ಹೀಬ್ರೂ ಭಾಷೆಯಲ್ಲೇ ಬಲಿಪೂಜೆ ಅರ್ಪಿಸುವ ಕಥೋಲಿಕ ಸಮುದಾಯ ಇಸ್ರೇಲಿನಲ್ಲಿದೆ. ಸಂತ ಯಾಕೋಬರ ಹೆಸರಿನ ಅದರ ಸಂಘಟನೆ ಆರಂಭವಾದುದು 1955ರಲ್ಲಿ.

ನಮ್ಮ ಕರಾವಳಿಗಂತೂ ಈ ಭಾಷೆ ದೂರದ್ದಲ್ಲ. 2023ರಲ್ಲಿ ಇಸ್ರೇಲಿನಲ್ಲಿದ್ದ ಸುಮಾರು 18,000 ಭಾರತೀಯರಲ್ಲಿ ಹಿರಿಯರ ಆರೈಕೆ ಮಾಡುವವರೇ ಅಧಿಕ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಿಂದ ಹೋದವರೂ ಅವರಲ್ಲಿದ್ದಾರೆ. ಅಲ್ಲಿ ಅವರನ್ನು ಕರೆಯುವ 'ಮೆತಪೆಲೆತ್' (ಆರೈಕೆ ಮಾಡುವವಳು) ಎಂಬ ಪದ ಊರಿನ ಕೆಲವು ಮನೆಗಳಿಗೂ ಪರಿಚಿತ. ಅಜ್ಜ ಅಜ್ಜಿಯರ ಹಾಸಿಗೆಯ ಬಳಿ ಕಲಿತ ಈ ಹೀಬ್ರೂವನ್ನು ನಾವು ಕಡಿಮೆ ಎಂದೆಣಿಸುವುದಿಲ್ಲ. ಆದರೆ ಅದು ಕಿವಿಯಿಂದ ಬಂದ ಭಾಷೆ, ವಿಶ್ವವಿದ್ಯಾಲಯ ಕೇಳುವುದು ಓದು ಬರಹವನ್ನೂ. ಅಂಥ ಮನೆಯ ಮಗನೋ ಮಗಳೋ ಈ ಮೈನರ್ ಆರಿಸಿಕೊಳ್ಳುವುದಾದರೆ ಅಮ್ಮನಿಂದ ಮಾತು ಕಲಿಯಲಿ. 22 ಅಕ್ಷರಗಳನ್ನು ಊರಿನಲ್ಲೇ ತಿದ್ದಿ ಹೋಗಲಿ. ದಿನಕ್ಕೆರಡರಂತೆ ಹನ್ನೊಂದು ದಿನದ ಕೆಲಸ.