ಬಂಡೆಗಲ್ಲಿನ ಮಾತು, ಬೊಕ್ಕಸದ ಪಾಲು

ಚಿನ್ನದ ಅದಿರನ್ನು ಅರಸುತ್ತಿದ್ದ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಕಂಡದ್ದು ಚಿನ್ನಕ್ಕಿಂತ ಬೆಲೆಬಾಳುವ ಅಕ್ಷರಗಳನ್ನು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ಖಚಿತಪಡಿಸಿದ ಆ ಶಾಸನ ಈಗ ಪಠ್ಯಪುಸ್ತಕದ ಪಾಠ. ಮಸ್ಕಿಯ ಬಂಡೆಯಲ್ಲಿ ರೋಗ, ಔಷಧಗಳ ಪ್ರಸ್ತಾಪವಿಲ್ಲ. ಆದರೆ ಅದೇ ದೊರೆ ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲೂ ತನ್ನ ಶಾಸನಗಳನ್ನು ಕೆತ್ತಿಸಿದ್ದಾನೆ. ಅಲ್ಲಿರುವ ಎರಡನೆಯ ಶಿಲಾಶಾಸನದ ಪ್ರಕಾರ, ತನ್ನ ರಾಜ್ಯದಲ್ಲಷ್ಟೇ ಅಲ್ಲದೆ ಚೋಳ, ಪಾಂಡ್ಯರ ಸೀಮೆಯಲ್ಲೂ, ಗ್ರೀಕ್ ಅರಸರ ನಾಡಿನಲ್ಲೂ ಆತ ಮನುಷ್ಯರಿಗೆ ಮತ್ತು ಪಶುಗಳಿಗೆ ಚಿಕಿತ್ಸೆಯ ಏರ್ಪಾಡು ಮಾಡಿದ. ಗಿಡಮೂಲಿಕೆ ಇಲ್ಲದ ಕಡೆ ತರಿಸಿ ನೆಡಿಸಿದ. ಇದನ್ನೇ ಹಿಗ್ಗಿಸಿ ಅಶೋಕ ಊರೂರಿಗೆ ಆಸ್ಪತ್ರೆ ಕಟ್ಟಿಸಿದನೆಂದು ಹೇಳುವವರಿದ್ದಾರೆ. ಶಾಸನ ಅಷ್ಟು ಹೇಳುವುದಿಲ್ಲ. ಬೊಕ್ಕಸದ ಎಷ್ಟನೆಯ ಪಾಲು ಇದಕ್ಕೆ ಹೋಯಿತೆಂಬುದನ್ನಂತೂ ಹೇಳುವುದೇ ಇಲ್ಲ.

ಖರ್ಚಿನ ದಾರಿ ಕಾಣುವುದು ಬಹಳ ನಂತರ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯ ಕೋಡಿಯಮಠವನ್ನು 1162ರ ಶಾಸನ ದೀನರಿಗೆ, ಕುರುಡರಿಗೆ ಅನ್ನ ನೀಡುವ, ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರ ಮಾಡುವ ತಾಣವೆಂದು ಬಣ್ಣಿಸುತ್ತದೆ. ಇಂಥ ಮಠಗಳು ನಡೆದದ್ದು ದತ್ತಿಗಳಿಂದ. ಅರಸ ವರ್ಷವರ್ಷವೂ ಹಣ ಮಂಜೂರು ಮಾಡುವ ಬದಲು ಭೂಮಿಯ ಆದಾಯವನ್ನೇ ಬಿಟ್ಟುಕೊಡುತ್ತಿದ್ದ. ಬರಗಾಲ ಬಂದರೆ ದತ್ತಿಯೂ ಬಡವಾಗುತ್ತಿತ್ತು, ನಿಜ. ಆದರೆ ಮುಂದಿನ ವರ್ಷ ಎಷ್ಟು ಸಿಕ್ಕೀತೆಂದು ರಾಜಧಾನಿಯ ಕಡೆ ಕಣ್ಣಿಟ್ಟು ಕೂರಬೇಕಾಗಿರಲಿಲ್ಲ.

ರಾಜಧಾನಿಯನ್ನು ಕಾಯುವ ಪಾಡು ನಿಜಾಮರ ಕಾಲಕ್ಕೆ ಸ್ಪಷ್ಟವಾಗುತ್ತದೆ. ಲಿಂಗಸುಗೂರು ಒಂದು ಕಾಲಕ್ಕೆ ದಂಡು ಬೀಡುಬಿಟ್ಟಿದ್ದ ಊರು. 1905ರವರೆಗೆ ಅದೇ ಒಂದು ಜಿಲ್ಲೆ, ಬಳಿಕ ರಾಯಚೂರಿನೊಳಗೆ ಸೇರಿತು. ಹೈದರಾಬಾದ್ ಸಂಸ್ಥಾನದ ಹೆಮ್ಮೆಯ ಉಸ್ಮಾನಿಯಾ ಆಸ್ಪತ್ರೆ 1925ರಲ್ಲಿ ಮೂಸಿ ನದಿಯ ದಡದಲ್ಲಿ ಎದ್ದು ನಿಂತಿತು. ಮೈಸೂರು ಸಂಸ್ಥಾನವೂ ಬೇರೆ ದಾರಿ ಹಿಡಿಯಲಿಲ್ಲ. ಅದರ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ತೆರೆದದ್ದು ಬೆಂಗಳೂರಿನಲ್ಲಿ. 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಸಿಂಧನೂರಿನ ರೈತನಿಗೆ ಬದಲಾದದ್ದು ದೊಡ್ಡಾಸ್ಪತ್ರೆ ಇರುವ ದಿಕ್ಕು, ದೂರವೇನೂ ಕಡಿಮೆಯಾಗಲಿಲ್ಲ.

ಸರ್ಕಾರ ಆರೋಗ್ಯಕ್ಕೆ ಎಷ್ಟು ಕೊಡಬೇಕೆಂಬ ಪ್ರಶ್ನೆಗೆ ಅಂಕಿಯ ಉತ್ತರ ಕೊಟ್ಟದ್ದು ಸರ್ ಜೋಸೆಫ್ ಭೋರ್ ಸಮಿತಿ. 1946ರ ಅದರ ವರದಿ ಸರ್ಕಾರಿ ವೆಚ್ಚದ ಶೇಕಡಾ 15ರಷ್ಟು ಆರೋಗ್ಯಕ್ಕೆ ಮೀಸಲಾಗಲೆಂದಿತು. ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ದೊರೆತದ್ದು ಸುಮಾರು 3.3. ಆ ಹಣದಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹುಟ್ಟಿದವೆಂಬುದನ್ನು ಮರೆಯಬಾರದು. ಆದರೆ ಗುರಿ ಅಂದಿನಿಂದ ಕುಗ್ಗುತ್ತಲೇ ಬಂತು. 2002ರ ರಾಷ್ಟ್ರೀಯ ಆರೋಗ್ಯ ನೀತಿ ರಾಜ್ಯಗಳಿಗೆ 2010ರೊಳಗೆ ಶೇಕಡಾ 8 ಎಂದಿತು. 2017ರ ನೀತಿ ಅದೇ ಎಂಟನ್ನು 2020ಕ್ಕೆ ಮುಂದೂಡಿತು, 15ನೆಯ ಹಣಕಾಸು ಆಯೋಗ 2022ಕ್ಕೆ. ಆರೋಗ್ಯ, ಆಸ್ಪತ್ರೆಗಳು ಸಂವಿಧಾನದ ರಾಜ್ಯಪಟ್ಟಿಯಲ್ಲಿರುವುದರಿಂದ ಈ ಹೊರೆಯ ದೊಡ್ಡ ಪಾಲು ರಾಜ್ಯಗಳದ್ದೇ.

ಕರ್ನಾಟಕದ 2025-26ರ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ವೈದ್ಯಕೀಯ ಶಿಕ್ಷಣವೂ ಸೇರಿ ಆರೋಗ್ಯಕ್ಕೆ 17,473 ಕೋಟಿ, ಅಂದರೆ ಶೇಕಡಾ 4ರ ಮೇಲೆ ಚಿಲ್ಲರೆ. ಕುಡಿಯುವ ನೀರು, ಅಂಗನವಾಡಿಯ ಆಹಾರದ ಖರ್ಚು ಬೇರೆ ಇಲಾಖೆಗಳ ಲೆಕ್ಕದಲ್ಲಿರುತ್ತದೆ, ಆ ಮಾತು ಹೇಳದಿದ್ದರೆ ಅನ್ಯಾಯವಾದೀತು. ಆದರೂ ಶೇಕಡಾ 8 ಎಂದರೆ ಇನ್ನೂ 15,000 ಕೋಟಿ ಬೇಕಿತ್ತು.

ಸರ್ಕಾರ ಕೊಡದ್ದನ್ನು ತುಂಬುವವರು ಮನೆಯವರು. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಹಾಕುವ ಪಾಲು 2013-14ರಲ್ಲಿ ಶೇಕಡಾ 64 ಇದ್ದದ್ದು 2021-22ಕ್ಕೆ ಸುಮಾರು 39ಕ್ಕೆ ಇಳಿದಿದೆ. ಇಳಿದದ್ದು ಒಳ್ಳೆಯದೇ. ಆದರೆ ಬೆಳೆ ಕೈಕೊಟ್ಟ ವರ್ಷ ಬಡ್ಡಿಗೆ ಸಾಲ ತಂದು ಆಪರೇಷನ್ ಮಾಡಿಸುವ ಮನೆಗೆ ಈ 39 ಸಣ್ಣ ಅಂಕಿಯಲ್ಲ.

ನಂಜುಂಡಪ್ಪ ಸಮಿತಿ 2002ರಲ್ಲಿ ಸಿಂಧನೂರು, ಲಿಂಗಸುಗೂರುಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. ಮಸ್ಕಿ ಆಗಿನ್ನೂ ಲಿಂಗಸುಗೂರು ತಾಲ್ಲೂಕಿನ ಊರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಕಣಜವಾದ ಸಿಂಧನೂರು ಈ ಪಟ್ಟಿಯಲ್ಲಿದ್ದದ್ದು ಹಲವರಿಗೆ ಅಚ್ಚರಿ ತಂದೀತು. ಗದ್ದೆಯ ಸಿರಿ ತಾನಾಗಿ ಆಸ್ಪತ್ರೆಯ ಹಾಸಿಗೆಯಾಗುವುದಿಲ್ಲ, ಅದಕ್ಕೆ ಯಾರಾದರೂ ಲೆಕ್ಕಪತ್ರದಲ್ಲಿ ಹಣ ಬರೆಯಬೇಕು. ಅದೇ ವರ್ಷ ರಾಯಚೂರಿನ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು ಸರ್ಕಾರ ಒಪ್ಪಂದದ ಮೇಲೆ ಅಪೋಲೊ ಸಂಸ್ಥೆಯ ಕೈಗೆ ಕೊಟ್ಟಿತು. ಒಪೆಕ್ ನೆರವಿನಿಂದ ಕಟ್ಟಿದ್ದರಿಂದ ಜನ ಅದನ್ನು ಇಂದಿಗೂ ಒಪೆಕ್ ಆಸ್ಪತ್ರೆ ಎನ್ನುತ್ತಾರೆ. ಆ ಒಪ್ಪಂದ 2012ರಲ್ಲಿ ಮುಗಿಯಿತು. ಈ ನಡುವೆ, 2007ರಲ್ಲಿ, ರಿಮ್ಸ್ ವೈದ್ಯಕೀಯ ಕಾಲೇಜು ಆರಂಭವಾಗಿತ್ತು. ಎರಡೂ ಜಿಲ್ಲಾ ಕೇಂದ್ರದಲ್ಲಿವೆ, ಮೂರೂ ಊರುಗಳಿಂದ ಎಂಬತ್ತು ಕಿಲೋಮೀಟರ್ ಆಸುಪಾಸಿನಲ್ಲಿ.

ಬಜೆಟ್ ಮರುದಿನ ಪತ್ರಿಕೆಗಳಲ್ಲಿ ಬರುವ ರೂಪಾಯಿಯ ಚಿತ್ರದಲ್ಲಿ ಆರೋಗ್ಯಕ್ಕೆ ನಾಲ್ಕು ಪೈಸೆ ಎಂದಷ್ಟೇ ಇರುತ್ತದೆ. ಅದರಲ್ಲಿ ಬೆಂಗಳೂರಿನ ದೊಡ್ಡಾಸ್ಪತ್ರೆಗಳಿಗೆಷ್ಟು, ಮಸ್ಕಿಗೆಷ್ಟು ಎಂಬುದು ಆ ಚಿತ್ರದಲ್ಲಿಲ್ಲ. ಅದನ್ನು ತಿಳಿಯಬೇಕಾದವರು ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಹಂಚಿಕೆಯ ಪುಟಗಳನ್ನು ತಿರುವಿ ತಾವೇ ಕೂಡಿಸಿಕೊಳ್ಳಬೇಕು.