ವಲಸೆ ಮೀನುಗಳ ಶಸ್ತ್ರಚಿಕಿತ್ಸಾ ಟ್ಯಾಗಿಂಗ್

ನದಿಗೂ ಕಡಲಿಗೂ ನಡುವೆ ವಲಸೆ ಹೋಗುವ ಮೀನಿನ ಹೊಟ್ಟೆಯನ್ನು ಸೀಳಿ ಸಣ್ಣ ಟ್ಯಾಗ್ ಇರಿಸಿ, ಅದರ ಪಯಣವನ್ನೂ ಉಳಿವನ್ನೂ ಅಳೆಯುವ ವಿಧಾನ. ಇದು ಹೆಚ್ಚು ಬೆಳೆದಿರುವುದು ಅಮೆರಿಕದ ವಾಯವ್ಯ ಭಾಗದ ಕೊಲಂಬಿಯಾ ಮತ್ತು ಅದರ ಉಪನದಿ ಸ್ನೇಕ್‌ಗಳಲ್ಲಿ. ಸ್ನೇಕ್ ನದಿಯ ಮೇಲ್ಭಾಗದಿಂದ ಕಡಲಿಗಿಳಿಯುವ ಚಿನೂಕ್ ಸಾಲ್ಮನ್ ಮರಿ 8 ಅಣೆಕಟ್ಟುಗಳನ್ನು ದಾಟಬೇಕು. ಒಂದೊಂದರಲ್ಲಿ ಎಷ್ಟು ಸಾಯುತ್ತವೆ ಎಂಬ ಲೆಕ್ಕಕ್ಕೆ ಈ ಟ್ಯಾಗೇ ಆಧಾರ. 1980ರ ದಶಕದಲ್ಲಿ ಬಳಕೆಗೆ ಬಂದ, ಬ್ಯಾಟರಿಯಿಲ್ಲದ ಪಿಟ್ ಟ್ಯಾಗ್ ಆಂಟೆನಾದ ಸಮೀಪ ಬಂದಾಗಷ್ಟೇ ತನ್ನ ಸಂಖ್ಯೆ ತಿಳಿಸುತ್ತದೆ. ಬ್ಯಾಟರಿಯಿರುವ ಧ್ವನಿ ಟ್ಯಾಗ್ ದೂರದಿಂದಲೂ ಕೇಳಿಸುತ್ತದೆ, ಆದರೆ ಭಾರ ಹೆಚ್ಚು.

ಮರಿಯನ್ನು ಮೊದಲು ಟ್ರೈಕೇನ್ ಬೆರೆಸಿದ ನೀರಿಗೆ ಬಿಡುತ್ತಾರೆ. ಈ ಅರಿವಳಿಕೆ ನೀರನ್ನು ಆಮ್ಲೀಯವಾಗಿಸುವುದರಿಂದ ಅಡುಗೆ ಸೋಡಾ ಸೇರಿಸುವುದುಂಟು. ಮೀನು ಮಗುಚಿಕೊಂಡು ಕಿವಿರು ಮುಚ್ಚಳದ ಬಡಿತ ನಿಧಾನವಾದಾಗ, ಒದ್ದೆ ಸ್ಪಂಜಿನ ಸೀಳಿನಲ್ಲಿ ಹೊಟ್ಟೆ ಮೇಲಾಗಿ ಮಲಗಿಸಿ, ಬಾಯಿಗಿಟ್ಟ ಕೊಳವೆಯಿಂದ ಕಿವಿರುಗಳಿಗೆ ನೀರು ಹಾಯಿಸುತ್ತಾರೆ. ಸೊಂಟದ ರೆಕ್ಕೆಗಳ ಮುಂದೆ ಸಣ್ಣದಾಗಿ ಸೀಳಿ, ಟ್ಯಾಗನ್ನು ಒಳಗೆ ಜಾರಿಸಿ, ಒಂದೆರಡು ಹೊಲಿಗೆ ಹಾಕುತ್ತಾರೆ. ನುರಿತವರಿಗೆ ಇದು ಕೆಲವೇ ನಿಮಿಷಗಳ ಕೆಲಸ. ನಂತರ ಮೀನು ಮತ್ತೆ ನೆಟ್ಟಗೆ ನಿಂತು ಈಜಿದರೆ ಚೇತರಿಸಿಕೊಂಡಿತು ಎಂದು ಬರೆದುಕೊಳ್ಳುವ ರೂಢಿ ಸಾಲದು. ಸಮತೋಲ ಮರಳುವುದು ನಿಮಿಷಗಳಲ್ಲಿ; ಗಾಯ ಮಾಯಲು ವಾರಗಳು ಬೇಕು, ನೀರು ಬೆಚ್ಚಗಿದ್ದರೆ ಉರಿಯೂತವೂ ಸೋಂಕೂ ಹೆಚ್ಚು. ಸಮತೋಲವೂ ಗಾಯ ಮಾಯುವುದೂ ಮೀನಿನ ಕ್ಷೇಮದ ಸೂಚನೆಗಳು ಮಾತ್ರ. ಟ್ಯಾಗ್ ಇಲ್ಲದ ಮೀನಿನಷ್ಟೇ ಬದುಕುವ ಅವಕಾಶ ಅದಕ್ಕೂ ಇದೆಯೇ ಎಂಬುದೇ ಚೇತರಿಕೆಯ ನಿಜವಾದ ಪರೀಕ್ಷೆ.

ಟ್ಯಾಗ್ ಮೀನಿನ ತೂಕದ ಶೇ. 2ನ್ನು ಮೀರಬಾರದೆಂಬ ಹಳೆಯ ನಿಯಮವನ್ನು 1999ರ ಒಂದು ಅಧ್ಯಯನ ಪ್ರಶ್ನಿಸಿತು: ಶೇ. 12ರವರೆಗಿನ ಭಾರ ಹೊತ್ತ ರೇನ್‌ಬೋ ಟ್ರೌಟ್ ಮರಿಗಳ ಈಜು ಕುಂದಿರಲಿಲ್ಲ. ಆದರೆ ಈಜುವ ತೊಟ್ಟಿಯಲ್ಲಿ ಅಣೆಕಟ್ಟಿನ ಟರ್ಬೈನ್ ಇರುವುದಿಲ್ಲ. ಟ್ಯಾಗಿನ ಭಾರ ಸರಿದೂಗಿಸಲು ಮರಿ ಗಾಳಿಚೀಲವನ್ನು ಹೆಚ್ಚು ಉಬ್ಬಿಸಿಕೊಂಡಿರುತ್ತದೆ. ಟರ್ಬೈನಿನಲ್ಲಿ ಒತ್ತಡ ಥಟ್ಟನೆ ಕುಸಿದಾಗ ಆ ಗಾಳಿ ಹಿಗ್ಗಿ ಒಳ ಅಂಗಗಳಿಗೆ ಪೆಟ್ಟು ಬೀಳುತ್ತದೆ. ಪ್ರಯೋಗಾಲಯದ ಒತ್ತಡ ಕೋಣೆಗಳಲ್ಲಿ ಟ್ಯಾಗಿನ ಭಾರ ಏರಿದಂತೆ ಸಾವೂ ಏರಿದೆ. ನದಿಯಲ್ಲಾದರೆ ಆ ಸಾವು ಅಣೆಕಟ್ಟಿನ ಲೆಕ್ಕಕ್ಕೆ ಜಮೆಯಾಗುತ್ತದೆ.

ಅಣೆಕಟ್ಟಿನ ಮೇಲೂ ಕೆಳಗೂ ಬಿಡುವ ಎರಡೂ ಗುಂಪುಗಳಿಗೆ ಟ್ಯಾಗ್ ಇರುವುದರಿಂದ ಹೋಲಿಕೆಯಲ್ಲಿ ಅದರ ಪರಿಣಾಮ ವಜಾ ಆಗುತ್ತದೆ ಎಂಬ ವಾದವಿದೆ. ಪರಿಣಾಮ ಎಲ್ಲೆಡೆ ಒಂದೇ ಆಗಿದ್ದರೆ ಅದು ಸರಿ. ಭಾರದ ಮೀನು ಟರ್ಬೈನಿನಲ್ಲೇ ಹೆಚ್ಚು ಸಾಯುವುದಾದರೆ ಟರ್ಬೈನ್ ದಾಟುವುದು ಮೇಲಿನ ಗುಂಪು ಮಾತ್ರ, ಹಾಗಾಗಿ ಏನೂ ವಜಾ ಆಗದು. ಟ್ಯಾಗಿಲ್ಲದ ಮೀನಿನ ಗತಿ ತಿಳಿಯುವುದೇ ಅಸಾಧ್ಯ ಎಂಬ ಆಕ್ಷೇಪಕ್ಕೆ ಯಾಕಿಮಾ ನದಿಯ, 2009ರಲ್ಲಿ ಪ್ರಕಟವಾದ ಕೆಲಸ ಭಾಗಶಃ ಉತ್ತರ. ಅಲ್ಲಿ ಸಾಕಣೆ ಕೇಂದ್ರದ ಚಿನೂಕ್ ಮರಿಗಳ ಮೂತಿಯಲ್ಲಿ ಸಂಕೇತದ ತಂತಿ ಇಟ್ಟು, ಪಿಟ್ ಟ್ಯಾಗೂ ಇದ್ದವನ್ನು ಅದಿಲ್ಲದವುಗಳೊಂದಿಗೆ ಹೋಲಿಸಿದಾಗ, ಕಳಚಿಬಿದ್ದ ಪಿಟ್ ಟ್ಯಾಗ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಪಿಟ್ ಟ್ಯಾಗ್ ಹಾಕಿದವುಗಳ ಉಳಿವು ಸರಾಸರಿ ಶೇ. 10ರಷ್ಟು ಕಡಿಮೆಯಿತ್ತು. ಸಾಕಿದ ಮರಿಗಳ ಈ ಅಂಕಿ ಕಾಡುಮರಿಗಳಿಗೂ ಹೊಂದುತ್ತದೆನ್ನಲಾಗದು. ಈಚಿನ, ಸುಮಾರು 0.2 ಗ್ರಾಂ ತೂಕದ ಧ್ವನಿ ಟ್ಯಾಗಿಗೆ ಸುಮಾರು 3 ಮಿ.ಮೀ. ಸೀಳು ಸಾಕು, ಹೊಲಿಗೆ ಬೇಡ. ಭಾರವೂ ಗಾಯವೂ ತಗ್ಗಿದರೂ ಇನ್ನೊಂದು ಓರೆ ಉಳಿದೇ ಇದೆ: ಹುರುಪೆ ಕಿತ್ತ, ರೋಗ ತಗುಲಿದ ಮರಿಗಳನ್ನು ಮೇಜಿಗೆ ತರುವ ಮೊದಲೇ ಬದಿಗಿಡುವುದರಿಂದ, ಅಣೆಕಟ್ಟಿನಲ್ಲಿ ಬೇಗ ಸಾಯಬಹುದಾದವು ಮಾದರಿಯೊಳಗೆ ಬರುವುದೇ ಇಲ್ಲ.