ಮೊದಲ ನೋಟದ ನುಡಿಗಟ್ಟುಗಳು: ಕಡೂರು, ತರೀಕೆರೆ, ಅಜ್ಜಂಪುರ ಸೀಮೆ

ಒಬ್ಬ ವ್ಯಕ್ತಿಯನ್ನೋ ಜಾನುವಾರನ್ನೋ ಸರಕನ್ನೋ ಮೊದಲ ಸಲ ಕಂಡಾಗ ಮೂಡುವ ಅಭಿಪ್ರಾಯದ ಬಗ್ಗೆ ರೂಢಿಯಲ್ಲಿ ನೆಲೆಗೊಂಡ ಮಾತುಗಳು. ಚಿಕ್ಕಮಗಳೂರು ಜಿಲ್ಲೆಯಲ್ಲಿ ಬಯಲುಸೀಮೆ ಮತ್ತು ಅರೆಮಲೆನಾಡು ಸಂಧಿಸುವ ಕಡೂರು, ತರೀಕೆರೆ ತಾಲೂಕುಗಳಲ್ಲಿ, ಹಿಂದೆ ತರೀಕೆರೆಗೆ ಸೇರಿದ್ದು ಈಗ ತಾನೇ ತಾಲೂಕಾಗಿರುವ ಅಜ್ಜಂಪುರದಲ್ಲಿ, ಹಳೆಯ ಗಾದೆ, ದನದ ಸಂತೆಯ ಮಾತು, ಕೋರ್ಟು ಕಚೇರಿಯ ಭಾಷೆ, ಇಂಗ್ಲಿಷಿನ ಸಿದ್ಧವಾಕ್ಯ ಎಲ್ಲವೂ ಅಕ್ಕಪಕ್ಕದಲ್ಲೇ ಬಳಕೆಯಲ್ಲಿವೆ. ಕನ್ನಡದ ಹಳೆಯ ಮಾತುಗಳು ಹೆಚ್ಚಾಗಿ ನೋಡುವವರಿಗೆ ಬುದ್ಧಿ ಹೇಳುತ್ತವೆ. ಇಂಗ್ಲಿಷಿನಿಂದ ಬಂದ ಹೊಸ ಮಾತುಗಳು ನೋಟಕ್ಕೆ ಒಳಗಾಗುವವರಿಗೆ ಬುದ್ಧಿ ಹೇಳುತ್ತವೆ. ಹೊಣೆ ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ದಾಟಿದ್ದೇ ಈ ನುಡಿಗಟ್ಟುಗಳ ಚರಿತ್ರೆಯ ಮುಖ್ಯ ಸಂಗತಿ.

ಮೊದಲ ನೋಟವನ್ನು ಪ್ರಶ್ನಿಸುವ ಪರಂಪರೆ ಈ ಸೀಮೆಗೆ ಹೊಸದಲ್ಲ. ತರೀಕೆರೆ ಬಳಿಯ ಅಮೃತಾಪುರದಲ್ಲಿ, ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಶಾಸನವನ್ನು ರಚಿಸಿದವನು ಜನ್ನ ಕವಿ. ಅದೇ ಜನ್ನ 1209ರಲ್ಲಿ ಮುಗಿಸಿದ ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿ ಮಾವುತನಿಗೆ ಸೋಲುವುದು ಕಣ್ಣಿನಿಂದಲ್ಲ, ಕಿವಿಯಿಂದ. ರಾತ್ರಿ ತೇಲಿಬಂದ ಹಾಡಿಗೆ ಅವಳು ಮನಸ್ಸು ಕೊಡುತ್ತಾಳೆ. ಹಾಡಿದವನು ಎಂಥ ಕುರೂಪಿ ಎಂದು ಆಮೇಲೆ ಕೆಳದಿ ಬಂದು ವರ್ಣಿಸಿದರೂ ಹಿಂದೆಗೆಯುವುದಿಲ್ಲ. ಮೊದಲ ಅನುಭವ ಮನಸ್ಸಿನಲ್ಲಿ ಬೇರುಬಿಟ್ಟರೆ ನಂತರ ಬಂದ ಸಾಕ್ಷ್ಯಕ್ಕೆ ಬಲವಿರುವುದಿಲ್ಲ ಎಂಬುದನ್ನು ಇಷ್ಟು ತೀವ್ರವಾಗಿ ತೋರಿಸಿದ ಕೃತಿ ಕನ್ನಡದಲ್ಲಿ ಅಪರೂಪ.

ಜನರ ಬಾಯಲ್ಲಿ ಈ ವಿಷಯ ಹುರಿಗೊಂಡದ್ದು ಮಾತ್ರ ದನಕರುಗಳ ಸುತ್ತ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಎಂಬ ದನಕರುಗಳ ಇಲಾಖೆಯೇ ಮುಂದೆ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿಕೊಂಡಿತು. ಅದರ ತಳಿ ಸಂವರ್ಧನಾ ಕೇಂದ್ರ ಅಜ್ಜಂಪುರದಲ್ಲಿದೆ. ಕಡೂರು ತಾಲೂಕಿನಲ್ಲಿರುವ ಅಮೃತಮಹಲಿನ ಬಾಸೂರು ಕಾವಲು ಇಂದು ಸಂರಕ್ಷಣಾ ಮೀಸಲು ಪ್ರದೇಶ. ಅಮೃತಮಹಲ್ ರಾಸು ಮೊದಲ ನೋಟಕ್ಕೆ ತುಂಬಿಕೊಂಡ ಮೈಯದಲ್ಲ. ನೀಳ ಮುಖ, ಕಿರಿದಾದ ಹಣೆ, ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ಬಾಗಿ ಚೂಪಾಗಿ ನಿಲ್ಲುವ ಕೊಂಬು, ಬಿಗಿದ ಸ್ನಾಯು. ಹಾಲೂ ಕಡಿಮೆ. ಆದರೆ ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಫಿರಂಗಿ, ಸರಂಜಾಮುಗಳನ್ನು ಬಿರುಸಿನಿಂದ ಎಳೆದು ಹೆಸರು ಮಾಡಿದ್ದು ಇದೇ ತಳಿ. 1799ರ ನಂತರ ಬ್ರಿಟಿಷರ ವಶಕ್ಕೆ ಹೋದ ಈ ಇಲಾಖೆಯನ್ನು ಖರ್ಚು ಉಳಿಸುವ ಲೆಕ್ಕದಲ್ಲಿ 1860ರಲ್ಲಿ ಮುಚ್ಚಿ ಹಿಂಡುಗಳನ್ನು ಮಾರಿದರು. ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಬೇಕಾಯಿತು, 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಬಂತು. ಲೆಕ್ಕದ ಪುಸ್ತಕದಲ್ಲಿ ಬರೀ ಖರ್ಚಾಗಿ ಕಂಡ ರಾಸುವಿನ ಬೆಲೆ ಅದು ಕೈತಪ್ಪಿದ ಮೇಲೆ ತಿಳಿಯಿತು.

ಈ ಭಾಗದ ರೈತ ರಾಸು ಕೊಳ್ಳುವಾಗ ಕಣ್ಣಿಗೆ ಕಂಡದ್ದಕ್ಕೆ ದುಡ್ಡು ಕೊಡುವವನಲ್ಲ. ಹಣೆ, ಕೊರಳು, ಬೆನ್ನಿನ ಮೇಲಿನ ಸುಳಿ ನೋಡುತ್ತಾನೆ. ಬಾಯಿ ಬಿಡಿಸಿ ಎರಡು ಹಲ್ಲೋ ನಾಲ್ಕು ಹಲ್ಲೋ ಬಾಯಿಗೂಡಿದೆಯೋ ಎಂದು ವಯಸ್ಸು ಅಳೆಯುತ್ತಾನೆ. ಹತ್ತು ಹೆಜ್ಜೆ ನಡೆಸಿ, ಸಾಧ್ಯವಾದರೆ ನೊಗ ಹೂಡಿಸಿ, ಆಮೇಲೆ ದಲ್ಲಾಳಿಯ ಜೊತೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತಾಡುತ್ತಾನೆ. ‘ಸುಳಿ ನೋಡು’, ‘ಹಲ್ಲು ಹಿಡಿದು ನೋಡು’ ಎಂಬ ಮಾತುಗಳು ಮನುಷ್ಯರ ವಿಷಯಕ್ಕೂ ಹಬ್ಬಿದ್ದು ಇಂಥ ರೂಢಿಯಿಂದ. ‘ನೋಡಕ್ಕೇನೋ ಚೆನ್ನಾಗೈತೆ’ ಎಂದು ಇಲ್ಲಿನವರು ರಾಗ ಎಳೆದರೆ ಮಾತು ಅಲ್ಲಿಗೆ ಮುಗಿಯಲಿಲ್ಲವೆಂದೇ ಅರ್ಥ. ಸುಳಿಯ ಶುಭಾಶುಭಕ್ಕೆ ಆಧಾರವಿಲ್ಲ ನಿಜ. ಹಲ್ಲು ಮತ್ತು ನಡಿಗೆಯ ಪರೀಕ್ಷೆಗೆ ಇದೆ. ಅಡಿಕೆ ವ್ಯಾಪಾರದಲ್ಲೂ ಮೂಟೆಯ ಬಾಯಲ್ಲಿ ಕಂಡದ್ದನ್ನು ನೆಚ್ಚದೆ ಒಳಗೆ ಕೈ ಹಾಕಿ, ಅಡಿಕೆ ಒಡೆದು ನೋಡಿಯೇ ದರ ಹೇಳುವುದು ವಾಡಿಕೆ.

ಗಾದೆಗಳ ಒಲವೂ ಈ ಕಡೆಗೇ. ‘ಬೆಳ್ಳಗಿರುವುದೆಲ್ಲ ಹಾಲಲ್ಲ’, ‘ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ’, ‘ಒಳಗೆ ಹುಳುಕು, ಹೊರಗೆ ಥಳುಕು’. ‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬುದು ಕನ್ನಡ ನಾಡಿಗೆಲ್ಲ ಸೇರಿದ ಗಾದೆ. ಆದರೆ ತರೀಕೆರೆಯ ಬಯಲಿನಲ್ಲಿ ನಿಂತು ಬಾಬಾಬುಡನ್ ಗಿರಿಸಾಲನ್ನು ನೋಡಿದವರಿಗೆ, ಕೆಮ್ಮಣ್ಣುಗುಂಡಿಯ ಏರು ಹತ್ತಿದವರಿಗೆ ಅದನ್ನು ವಿವರಿಸಬೇಕಿಲ್ಲ. ಎದುರು ಸಾಲಿನ ಮಾತುಗಳೂ ಉಂಟು. ‘ಬೆಳೆಯುವ ಸಿರಿ ಮೊಳಕೆಯಲ್ಲಿ’, ‘ಅನ್ನಕ್ಕೆ ಒಂದಗುಳು ಸಾಕು’ ಎಂಬವು ಮೊದಲ ಗುರುತನ್ನೇ ನಂಬುತ್ತವೆ. ಅಲ್ಲೂ ಅಗುಳನ್ನು ಹಿಸುಕಿ ನೋಡಬೇಕು, ಬರಿಗಣ್ಣು ಸಾಲದು. ಇಂಥ ಗಾದೆಗಳನ್ನು ಪದಗಳ ಜೊತೆಯಲ್ಲೇ ಅಚ್ಚಿಗೆ ತಂದ ದೊಡ್ಡ ಕೆಲಸ, ಮಂಗಳೂರಿನ ಬಾಸೆಲ್ ಮಿಷನ್ 1894ರಲ್ಲಿ ಪ್ರಕಟಿಸಿದ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು.

ಇನ್ನೊಂದು ಗುಂಪಿಗೆ ಮೊದಲ ನೋಟವೆಂದರೆ ಪರೀಕ್ಷೆಯಲ್ಲ, ಶಕುನ. ‘ಇವತ್ತು ಯಾರ ಮುಖ ನೋಡಿ ಎದ್ದೆನೋ’ ಎಂಬ ಉದ್ಗಾರ, ಅಂಗಡಿಯವರ ‘ಬೋಣಿ ಟೈಮು’, ಮನೆಗೆ ಬಂದ ಸೊಸೆಯ ‘ಕಾಲ್ಗುಣ’ ಈ ಗುಂಪಿನವು. ಬೋಣಿಯ ನಂಬಿಕೆಯಿಂದ ಯಾರಿಗೂ ದೊಡ್ಡ ನಷ್ಟವಿಲ್ಲ. ಕಾಲ್ಗುಣದ ಮಾತು ಹಾಗಲ್ಲ. ಬೆಳೆ ಕೈಕೊಟ್ಟರೆ, ಕೊಟ್ಟಿಗೆಯಲ್ಲಿ ಎತ್ತು ಸತ್ತರೆ, ಹೊಸ್ತಿಲು ದಾಟಿ ಬಂದ ಹೆಣ್ಣುಮಗಳ ಮೇಲೆ ಅದನ್ನು ಹೊರಿಸಿದ ಈ ಮಾತು ಎಷ್ಟೋ ಮನೆಗಳಲ್ಲಿ ಕಣ್ಣೀರು ಹಾಕಿಸಿದೆ; ಬಳಕೆಯಿಂದ ಬಿದ್ದುಹೋಗಲೇಬೇಕಾದ ನುಡಿಗಟ್ಟು ಇದು. ‘ಮುಖ ನೋಡಿ ಮಣೆ ಹಾಕುವುದು’ ಮತ್ತೊಂದು ಬಗೆ: ಬಂದವರ ಉಡುಪು, ಅಂತಸ್ತು ನೋಡಿ ಮರ್ಯಾದೆಯ ಅಳತೆ ನಿರ್ಧರಿಸುವ ನಡವಳಿಕೆಯನ್ನು ಅದು ಹೆಸರಿಟ್ಟು ಖಂಡಿಸುತ್ತದೆ. ಇಲ್ಲಿಯೂ ತಪ್ಪು ನೋಡಿದವರದು.

ಇಂಗ್ಲಿಷ್ ನುಡಿಗಟ್ಟು ಈ ಸೀಮೆಯ ಊರುಗಳ ಸಾಮಾನ್ಯರನ್ನು ಮುಟ್ಟಿದ ಒಂದು ದಾರಿ ಕೋರ್ಟು ಕಚೇರಿ. ಲ್ಯಾಟಿನ್ ಮೂಲದ ‘ಪ್ರೈಮಾ ಫೇಸಿ’ ಕನ್ನಡದಲ್ಲಿ ‘ಮೇಲ್ನೋಟಕ್ಕೆ’ ಆಗಿ ಪೊಲೀಸ್ ವರದಿ, ಆದೇಶ, ಪತ್ರಿಕೆಗಳ ಖಾಯಂ ಮಾತಾಯಿತು. ಮೇಲ್ನೋಟಕ್ಕೆ ಕಂಡದ್ದು ವಿಚಾರಣೆ ಮುಂದುವರಿಸಲು ಸಾಕು, ತೀರ್ಪಿಗೆ ಸಾಲದು ಎಂಬ ವಿವೇಕ ಅದರೊಳಗಿದೆ. ಸಂತೆಯಲ್ಲಿ ಹಲ್ಲು ನೋಡುವ ರೈತನಿಗೂ ಒಪ್ಪುವ ನಿಲುವಾದ್ದರಿಂದಲೇ ಈ ಮಾತು ಪರಕೀಯವೆನಿಸಲಿಲ್ಲ.

ಶಾಲೆ ಕಾಲೇಜಿನ ಮೂಲಕ ಬಂದ ಮಾತುಗಳ ದಿಕ್ಕು ಬೇರೆ. ಇಂಗ್ಲಿಷಿನಲ್ಲೂ ಹಿಂದೆ ಎಚ್ಚರಿಕೆಯ ದನಿ ಗಟ್ಟಿಯಾಗಿತ್ತು. ಜೇನ್ ಆಸ್ಟೆನ್ 1796–97ರಲ್ಲಿ ಬರೆದ ಕಾದಂಬರಿಗೆ ಮೊದಲು ಇಟ್ಟ ಹೆಸರು ‘ಫಸ್ಟ್ ಇಂಪ್ರೆಷನ್ಸ್’. ಮೊದಲ ಭೇಟಿಯ ಅಭಿಪ್ರಾಯ ತಪ್ಪಾಗಿದ್ದು ನಿಧಾನವಾಗಿ ಅರಿವಾಗುವುದೇ ಅದರ ಕಥೆ. ಆ ಹೆಸರಿನ ಬೇರೊಂದು ಕಾದಂಬರಿ 1801ರಲ್ಲಿ ಬಂದಿತ್ತು; ಆಸ್ಟೆನ್ ಕೃತಿ 1813ರಲ್ಲಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಎಂದು ಹೊರಬಂತು. ಜಾರ್ಜ್ ಎಲಿಯಟ್ 1860ರ ಕಾದಂಬರಿಯಲ್ಲಿ, ರಟ್ಟಿನ ಅಂದ ನೋಡಿ ಪುಸ್ತಕ ಕೊಂಡು ಪೇಚಿಗೆ ಸಿಕ್ಕ ಗಿರಣಿಯವನನ್ನು ಚಿತ್ರಿಸಿದ್ದಾರೆ. ಮುಖಪುಟ ನೋಡಿ ಪುಸ್ತಕ ಅಳೆಯಬಾರದೆಂಬ ನುಡಿಗಟ್ಟಿನ ಭಾವ ಅಲ್ಲಿಯೇ ಇದೆ. ಇಪ್ಪತ್ತನೆಯ ಶತಮಾನದ ಜಾಹೀರಾತು ಈ ದನಿಯನ್ನು ತಿರುಗಿಸಿತು. ಮೊದಲ ಅಭಿಪ್ರಾಯ ಮೂಡಿಸಲು ಎರಡನೆಯ ಅವಕಾಶ ಸಿಗದು ಎಂಬ ಪ್ರಸಿದ್ಧ ವಾಕ್ಯವನ್ನು ಆಸ್ಕರ್ ವೈಲ್ಡ್, ವಿಲ್ ರೋಜರ್ಸ್ ಹೆಸರಿಗೆ ಅಂಟಿಸುವುದುಂಟು. ಮನೆಮಾತಾಗಿ ಹಬ್ಬಿಸಿದ್ದು ಅಮೆರಿಕದ ಜಾಹೀರಾತುಗಳು, ಅದರಲ್ಲೂ 1980ರ ದಶಕದ ಶಾಂಪೂ ಜಾಹೀರಾತು.

ನಮ್ಮಲ್ಲಿ ನೆಲೆನಿಂತ ರೂಪ ‘ಫಸ್ಟ್ ಇಂಪ್ರೆಷನ್ ಈಸ್ ದ ಬೆಸ್ಟ್ ಇಂಪ್ರೆಷನ್’. ಇಂಗ್ಲಿಷ್ ತಾಯ್ನುಡಿಯವರು ಮೊದಲ ಅಭಿಪ್ರಾಯ ಬಹುಕಾಲ ಉಳಿಯುತ್ತದೆ ಎನ್ನುವಲ್ಲಿ ಭಾರತದ ಬಳಕೆ ಅದನ್ನು ‘ಬೆಸ್ಟ್’ ಮಾಡಿದೆ. ಉಳಿಯುವುದು ಒಂದು, ಒಳ್ಳೆಯದಾಗಿರುವುದು ಇನ್ನೊಂದು. ಸ್ಪೋಕನ್ ಇಂಗ್ಲಿಷ್ ತರಗತಿ, ಕಾಲೇಜಿನ ಉದ್ಯೋಗ ತರಬೇತಿ, ಸಂದರ್ಶನದ ಮುನ್ನಾದಿನದ ಬುದ್ಧಿಮಾತುಗಳಲ್ಲಿ ಈ ವಾಕ್ಯ ತಪ್ಪದು. ಬೀರೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಸಂದರ್ಶನಕ್ಕೆ ಹೊರಡುವ ಹುಡುಗ ಹುಡುಗಿಯರಿಗೆ ಅದು ಇಸ್ತ್ರಿ ಮಾಡಿದ ಬಟ್ಟೆ, ಕೈಕುಲುಕು, ಕಣ್ಣಲ್ಲಿ ಕಣ್ಣಿಟ್ಟು ಮಾತು ಎಂಬ ನಿಯಮಗಳಾಗಿ ತಲುಪುತ್ತದೆ. ಹಿರಿಯರೆದುರು ಕಣ್ಣು ತಗ್ಗಿಸುವುದೇ ಗೌರವ ಎಂದು ಕಲಿತು ಬೆಳೆದ ಮಕ್ಕಳಿಗೆ ಈ ಕೊನೆಯ ನಿಯಮ ನಿಜಕ್ಕೂ ಭಾರ. ಅವರ ಸಂಕೋಚವನ್ನು ಆತ್ಮವಿಶ್ವಾಸದ ಕೊರತೆ ಎಂದು ಓದುವವರಿಗೆ ಅದು ತಿಳಿದಿರಬೇಕು.

ಮನಶ್ಶಾಸ್ತ್ರದ ಪ್ರಯೋಗಗಳು ಎರಡೂ ಬಗೆಯ ಮಾತುಗಳಿಗೆ ಹಿನ್ನೆಲೆ ಒದಗಿಸಿವೆ. ಒಂದು ಗುಣ ಮೆಚ್ಚಿಕೆಯಾದರೆ ಉಳಿದವೂ ಚೆನ್ನಾಗಿ ಕಾಣುವುದನ್ನು ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ ಗುರುತಿಸಿದರು. ವ್ಯಕ್ತಿಯೊಬ್ಬರನ್ನು ವರ್ಣಿಸುವ ಅವೇ ವಿಶೇಷಣಗಳ ಪಟ್ಟಿಯಲ್ಲಿ ಕ್ರಮ ಬದಲಿಸಿದರೆ ಅಭಿಪ್ರಾಯವೂ ಬದಲಾಗುವುದನ್ನು ಸಾಲಮನ್ ಆಶ್ 1946ರಲ್ಲಿ ತೋರಿಸಿದರು. 2006ರಲ್ಲಿ ಜಾನೀನ್ ವಿಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್, ಅಪರಿಚಿತ ಮುಖವನ್ನು ಸೆಕೆಂಡಿನ ಹತ್ತರಲ್ಲಿ ಒಂದು ಭಾಗದಷ್ಟು ಹೊತ್ತು ಕಂಡರೂ ಜನ ತೀರ್ಮಾನಕ್ಕೆ ಬರುತ್ತಾರೆ, ಹೆಚ್ಚು ಹೊತ್ತು ಕೊಟ್ಟರೆ ಆ ತೀರ್ಮಾನದ ಮೇಲಿನ ಭರವಸೆ ಬೆಳೆಯುತ್ತದೆ ಎಂದು ಕಂಡುಕೊಂಡರು. ನೇಮಕಾತಿಯಲ್ಲಿ ಎಲ್ಲರಿಗೂ ಅವೇ ಪ್ರಶ್ನೆ ಕೇಳಿ, ಉತ್ತರಕ್ಕೆ ಮೊದಲೇ ಗೊತ್ತುಮಾಡಿದ ಅಳತೆಯಲ್ಲಿ ಅಂಕ ಕೊಡುವ ವಿಧಾನ ಬೆಳೆದಿರುವುದಕ್ಕೆ ಇಂಥ ಅರಿವೂ ಒಂದು ಕಾರಣ.